ಲಾಹೌಲಿನ ಚಳಿಗಾಲ: ತೆರೆದ ಸುರಂಗ, ಮುಚ್ಚಿದ ಬಾಗಿಲು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ರಾಜಧಾನಿಯಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಈ ಸಲ ಮಕ್ಕಳಿಗೆ ಹಿಮ ತೋರಿಸಿಕೊಂಡು ಬರೋಣವೇ? ದೆಹಲಿಯ ಹೊಗೆಮಂಜಿನಿಂದ ನಾಲ್ಕು ದಿನವಾದರೂ ಪಾರಾಗುವ ಆಸೆ ಒಂದು ಕಡೆ. ಬೆಂಗಳೂರು, ಮೈಸೂರು, ಧಾರವಾಡಗಳಿಂದ ಬಂದಿಳಿಯುವ ನೆಂಟರಿಷ್ಟರಿಗೆ ಆಗ್ರಾ ತೋರಿಸಿ ಮುಗಿಸಿದ ಮೇಲೆ ಮನಾಲಿಯನ್ನೂ ತೋರಿಸಬೇಕಾದ ಗೃಹಸ್ಥಧರ್ಮ ಇನ್ನೊಂದು ಕಡೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳ ನಮ್ಮ ಬಂಧುಗಳೂ ಕ್ರಿಸ್‌ಮಸ್ ರಜೆಗೆ ಇತ್ತಲೇ ಮುಖ ಮಾಡುತ್ತಾರೆ. ಹಿಮವೇ ಬೀಳದ ನಾಡಿನಿಂದ ಬಂದವರಿಗೆ ಅದರ ಮೇಲಿನ ಮೋಹ ಸಹಜವಾದದ್ದೇ. ಅದನ್ನು ತಪ್ಪೆನ್ನುವ ಉದ್ದೇಶ ನಮ್ಮದಲ್ಲ.

ಆದರೆ ಈ ಮೋಹದ ಮತ್ತೊಂದು ತುದಿಯಲ್ಲಿ ಕೆಲವು ಹಳ್ಳಿಗಳಿವೆ. ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಸಿಸ್ಸು ಕಡೆಯ ಗ್ರಾಮಸ್ಥರು ಇತ್ತೀಚಿನ ವರ್ಷಗಳಲ್ಲಿ ಒಂದು ನಿರ್ಧಾರ ಕೈಗೊಳ್ಳುತ್ತ ಬಂದಿದ್ದಾರೆ. ಜನವರಿಯ ಮೂರನೆಯ ವಾರದಿಂದ ಫೆಬ್ರವರಿಯ ಕೊನೆಯವರೆಗೆ ತಮ್ಮ ಊರಿನಲ್ಲಿ ಪ್ರವಾಸಿ ಚಟುವಟಿಕೆಗಳು ಬೇಡ ಎಂಬುದೇ ಆ ನಿರ್ಧಾರ. ಹಿಮ ತುಂಬಿ ನಿಂತಿರುವ ಕಾಲ ಅದು. ವ್ಯಾಪಾರಿಯ ಲೆಕ್ಕದಲ್ಲಿ ದುಡಿಮೆಯ ಕಾಲ. ಊರಿನವರ ಲೆಕ್ಕದಲ್ಲಿ ಅದು ಹಬ್ಬಗಳ ಕಾಲ, ದೈವಗಳು ಮೌನ ಬಯಸುವ ಕಾಲ. ದುಡ್ಡು ತರುವ ಅತಿಥಿಯನ್ನು ಬಾಗಿಲಲ್ಲಿಯೇ ನಿಲ್ಲಿಸಿ "ಈಗ ಬೇಡ, ಆಮೇಲೆ ಬನ್ನಿ" ಎನ್ನುವ ಈ ನಡೆ ಕೆಲವರಿಗೆ ಮೌಢ್ಯವೆನಿಸಬಹುದು, ಕೆಲವರಿಗೆ ಅಹಂಕಾರವೆನಿಸಬಹುದು. ಅದು ಎರಡೂ ಅಲ್ಲ, ವಿವೇಕ ಎಂಬುದು ನಮ್ಮ ಅಭಿಪ್ರಾಯ. ಹಾಗೆನ್ನಲು ಕಾರಣಗಳನ್ನು ಓದುಗರ ಮುಂದಿಡುವುದು ಈ ಲೇಖನದ ಆಶಯ.

ಆರು ತಿಂಗಳು ಮುಚ್ಚಿರುತ್ತಿದ್ದ ಕಣಿವೆ

ಲಾಹೌಲ್-ಸ್ಪಿತಿ ಜಿಲ್ಲೆಯ ವಿಸ್ತೀರ್ಣ 13,841 ಚದರ ಕಿಲೋಮೀಟರು. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 31,564. ಅಂದರೆ ಒಂದು ಚದರ ಕಿಲೋಮೀಟರಿಗೆ ಇಬ್ಬರು. ನಮ್ಮ ದೆಹಲಿಯ ಒಂದು ಸಾಧಾರಣ ಬಡಾವಣೆಯಲ್ಲಿರುವಷ್ಟು ಜನ ಒಂದು ಇಡೀ ಜಿಲ್ಲೆಯಲ್ಲಿ ಹರಡಿಕೊಂಡಿದ್ದಾರೆ. ಮನಾಲಿಯಿಂದ ಲಾಹೌಲಿಗೆ ಹೋಗಬೇಕಾದರೆ 13,050 ಅಡಿ ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನು ದಾಟಬೇಕಿತ್ತು. ನವೆಂಬರ್ ವೇಳೆಗೆ ಆ ದಾರಿ ಹಿಮದಿಂದ ಮುಚ್ಚಿದರೆ ಮತ್ತೆ ತೆರೆಯುತ್ತಿದ್ದುದು ಬೇಸಿಗೆಯಲ್ಲಿಯೇ. ವರ್ಷದಲ್ಲಿ ಸುಮಾರು ಆರು ತಿಂಗಳು ಲಾಹೌಲಿಗೆ ಹೊರಜಗತ್ತಿನ ಸಂಪರ್ಕವೇ ಇರುತ್ತಿರಲಿಲ್ಲ. ಅನುಕೂಲವಿದ್ದವರು ಚಳಿಗಾಲಕ್ಕೆ ಕುಲ್ಲು ಕಣಿವೆಯ ಮನೆಗಳಿಗೆ ಇಳಿದುಬರುತ್ತಿದ್ದರು. ಉಳಿದವರು ಸೌದೆ, ಮೇವು, ಹಿಟ್ಟು, ಒಣಗಿಸಿದ ತರಕಾರಿ ಕೂಡಿಟ್ಟುಕೊಂಡು ಮನೆಯೊಳಗೆ ಸೇರುತ್ತಿದ್ದರು. ಯಾರಿಗಾದರೂ ಕಾಯಿಲೆ ಬಿಗಡಾಯಿಸಿದರೆ ಸರ್ಕಾರದ ಹೆಲಿಕಾಪ್ಟರಿಗೆ ಕಾಯಬೇಕು. ಅದಕ್ಕೆ ಹವಾಮಾನ ಒಪ್ಪಬೇಕು.

ಆ ಆರು ತಿಂಗಳು ಕಷ್ಟದ್ದಾಗಿದ್ದರೂ ಬರಿದಾಗಿರಲಿಲ್ಲ. ಹೊಲದ ಕೆಲಸವಿಲ್ಲದ ಆ ಕಾಲವೇ ಲಾಹೌಲಿಗರಿಗೆ ಕೂಡಿ ಬಾಳುವ ಕಾಲ. ಜನವರಿಯಲ್ಲಿ ಹಾಲ್ಡಾ ಹಬ್ಬ. ದಿನವನ್ನು ಲಾಮಾಗಳು ಗೊತ್ತುಪಡಿಸುತ್ತಾರೆ. ಪ್ರತಿ ಮನೆಯಿಂದ ಪಂಜು ಹಿಡಿದು ಹೊರಟ ಜನ ಕತ್ತಲಲ್ಲಿ ಒಂದೆಡೆ ಸೇರಿ, ಎಲ್ಲರ ಬೆಂಕಿಯನ್ನೂ ಒಂದೇ ರಾಶಿಗೆ ಒಪ್ಪಿಸುತ್ತಾರೆ. ಸಂಪತ್ತಿನ ದೇವಿ ಶಿಸ್ಕರ್ ಆಪಾಗೆ ಅದು ಅರ್ಪಣೆ. ಫೆಬ್ರವರಿಯಲ್ಲಿ ಹೊಸ ವರ್ಷದ ಫಾಗ್ಲಿ. ಇದಲ್ಲದೆ ಮನೆಯಲ್ಲಿ ಮಗು ಹುಟ್ಟಿದ ಸಂತೋಷವನ್ನು ಇಡೀ ಊರು ಹಂಚಿಕೊಳ್ಳುವ ಗೋಚಿ. ಹಿಂದೆ ಗಂಡುಮಗುವಿಗಷ್ಟೇ ಮೀಸಲಾಗಿದ್ದ ಈ ಹಬ್ಬವನ್ನು ಈಗ ಕೆಲವೆಡೆ ಹೆಣ್ಣುಮಗು ಹುಟ್ಟಿದಾಗಲೂ ಆಚರಿಸುತ್ತಾರೆಂಬುದು ಸಂತಸದ ಸಂಗತಿ. ಹಬ್ಬಗಳ ನಡುವೆ ಹೆಂಗಸರ ಕೈಗೆ ಉಣ್ಣೆಯ ಕೆಲಸ. ಲಾಹೌಲಿನ ಬಣ್ಣಬಣ್ಣದ ಕಾಲುಚೀಲ, ಕೈಚೀಲಗಳ ಹೆಣಿಗೆಗೆ 2021ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ನಮ್ಮ ಮೈಸೂರು ರೇಷ್ಮೆಗೂ ಇಳಕಲ್ ಸೀರೆಗೂ ಸಿಕ್ಕಿರುವ ಮನ್ನಣೆಯೇ ಅದು. ಆ ಹೆಣಿಗೆ ಈ ಮುಚ್ಚಿದ ಚಳಿಗಾಲದ ಕೂಸು.

ಒಂದು ದಿನ, ಇಪ್ಪತ್ತೆಂಟು ಸಾವಿರ ವಾಹನ

2020ರ ಅಕ್ಟೋಬರ್ 3ರಂದು ಅಟಲ್ ಸುರಂಗ ಉದ್ಘಾಟನೆಯಾಯಿತು. ರೋಹ್ತಾಂಗಿನ ಹೊಟ್ಟೆಯನ್ನು ಕೊರೆದು ಗಡಿ ರಸ್ತೆ ಸಂಸ್ಥೆ ನಿರ್ಮಿಸಿದ ಈ ಸುರಂಗದ ಉದ್ದ 9.02 ಕಿಲೋಮೀಟರು. ಮನಾಲಿ-ಲೇಹ್ ದಾರಿಯಲ್ಲಿ 46 ಕಿಲೋಮೀಟರು ಉಳಿತಾಯ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಘಟ್ಟದ ಹಾದಿ ಈಗ ಹತ್ತು-ಹದಿನೈದು ನಿಮಿಷದ ಮಾತು. ಲಾಹೌಲಿನ ಬಾಣಂತಿಗೆ, ಮುದುಕರಿಗೆ, ಕಾಲೇಜಿಗೆ ಹೋಗುವ ಮಕ್ಕಳಿಗೆ, ಬಟಾಣಿ-ಆಲೂಗೆಡ್ಡೆ ಮಾರುವ ರೈತನಿಗೆ ಇದು ವರದಾನವೆಂಬುದರಲ್ಲಿ ಎರಡು ಮಾತಿಲ್ಲ. ಹಳೆಯ ದಿನಗಳೇ ಚೆನ್ನಾಗಿದ್ದವೆಂದು ಹೇಳುವ ಹಕ್ಕು ಬಿಸಿನೀರಿನ ಗೀಸರಿನ ಮುಂದೆ ಕುಳಿತ ನಮಗಂತೂ ಇಲ್ಲ.

ಆದರೆ ಅದೇ ಸುರಂಗದಿಂದ ನಾವೂ ಹೋದೆವು. ಉತ್ತರದ ಬಾಯಿಯಿಂದ ಹೊರಬಿದ್ದರೆ ತುಸು ದೂರದಲ್ಲಿಯೇ ಸಿಸ್ಸು. ಮನಾಲಿಯಲ್ಲಿ ಹಿಮವಿಲ್ಲದಾಗಲೂ ಅಲ್ಲಿ ಹಿಮ ಇರುವ ಸಂಭವ ಹೆಚ್ಚು. ಈ ಸುರಂಗವನ್ನು ರೂಪಿಸಿದ್ದು ದಿನಕ್ಕೆ ಮೂರು ಸಾವಿರ ಕಾರು, ಒಂದೂವರೆ ಸಾವಿರ ಲಾರಿಗಳ ಸಂಚಾರಕ್ಕೆ. 2023ರ ಕ್ರಿಸ್‌ಮಸ್ ಸಮಯದಲ್ಲಿ ಒಂದೇ ದಿನ ಅದರ ಮೂಲಕ ಹಾದುಹೋದ ವಾಹನಗಳ ಸಂಖ್ಯೆ 28 ಸಾವಿರಕ್ಕೂ ಹೆಚ್ಚೆಂದು ಪೊಲೀಸರ ಲೆಕ್ಕ ಹೇಳಿತು. ಹೋದದ್ದನ್ನೂ ಬಂದದ್ದನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾರೆಂದು ಅರ್ಧಕ್ಕೆ ಇಳಿಸಿಕೊಂಡರೂ ಚಿತ್ರ ಬದಲಾಗುವುದಿಲ್ಲ. ಇಡೀ ಜಿಲ್ಲೆಯಲ್ಲಿರುವುದೇ ಮೂವತ್ತೊಂದು ಸಾವಿರ ಜನ. ಅವರ ಸಂಖ್ಯೆಗೆ ಸಮೀಪಿಸುವಷ್ಟು ಅಥವಾ ಅದನ್ನು ಮೀರುವಷ್ಟು ಅತಿಥಿಗಳು ಒಂದೇ ಹಗಲಿನಲ್ಲಿ ಬಂದಿಳಿದರು. ಅವರಿಗೆ ಶೌಚಾಲಯ ಎಲ್ಲಿ? ಅವರು ಬಿಟ್ಟುಹೋದ ಚಿಪ್ಸ್ ಪೊಟ್ಟಣ, ನೀರಿನ ಬಾಟಲಿಗಳನ್ನು ಹೊತ್ತೊಯ್ಯುವವರು ಯಾರು? ಅದೇ ಸಮಯದಲ್ಲಿ ಒಬ್ಬ ಮಹಾಶಯ ರಸ್ತೆಯ ದಟ್ಟಣೆಗೆ ಬೇಸತ್ತು ತನ್ನ ವಾಹನವನ್ನು ಚಂದ್ರಾ ನದಿಯೊಳಗೇ ಓಡಿಸಿದ ದೃಶ್ಯವನ್ನು ದೇಶವೆಲ್ಲ ಕಂಡಿತು. ಪೊಲೀಸರು ದಂಡ ವಿಧಿಸಿದರು. ಆ ನದಿಯ ನೀರನ್ನೇ ನಂಬಿದವರ ಮನಸ್ಸಿಗಾದ ನೋವಿಗೆ ಯಾವ ರಸೀದಿಯೂ ಇಲ್ಲ.

ಮರುವರ್ಷ, 2024ರ ಡಿಸೆಂಬರಿನಲ್ಲಿ ಇನ್ನೊಂದು ಬಗೆಯ ಪಾಠವಾಯಿತು. ಹಿಮಪಾತ ಜೋರಾದಾಗ ಮನಾಲಿಯ ಮೇಲ್ಭಾಗದ ಸೋಲಂಗ್ ಪ್ರದೇಶದಲ್ಲಿ ಸುಮಾರು ಒಂದು ಸಾವಿರ ವಾಹನಗಳು ಸಿಕ್ಕಿಕೊಂಡವು. ಡಿಸೆಂಬರ್ 27ರಂದು ಐದು ಸಾವಿರದಷ್ಟು ಪ್ರವಾಸಿಗರನ್ನು ಅಲ್ಲಿಂದ ಸುರಕ್ಷಿತವಾಗಿ ಹೊರತರಲಾಯಿತು. ಕೊರೆಯುವ ಚಳಿಯಲ್ಲಿ ಕಾರುಗಳನ್ನು ತಳ್ಳಿದ ಪೊಲೀಸರನ್ನೂ ಸ್ಥಳೀಯ ಯುವಕರನ್ನೂ ನಾವು ನೆನೆಯಬೇಕು. ಅವರಿಗೂ ಮನೆಯಲ್ಲಿ ಮಕ್ಕಳಿದ್ದರು. ಅವರ ಮಕ್ಕಳಿಗೂ ಅದು ಚಳಿಗಾಲದ ರಜೆಯೇ.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ರೋಹ್ತಾಂಗ್ ಮೇಲಿನ ವಾಹನದಟ್ಟಣೆ, ಹೊಗೆ ಮತ್ತು ಮಸಿಯಿಂದ ಹಿಮಕ್ಕಾಗುತ್ತಿರುವ ಹಾನಿಯನ್ನು ಕಂಡು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014 ಮತ್ತು 2015ರಲ್ಲಿ ಕಟ್ಟುನಿಟ್ಟಿನ ಆದೇಶಗಳನ್ನು ಹೊರಡಿಸಿತು. ಅದರ ಫಲವಾಗಿ ಅಲ್ಲಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಪರವಾನಗಿ ಪದ್ಧತಿ ಬಂತು, ದಿನದ ಮಿತಿ ಬಂತು. ಬೆಟ್ಟದ ನೆತ್ತಿಗೆ ಮಿತಿ ಇಟ್ಟೆವು. ಬೆಟ್ಟದ ಅಡಿಯಲ್ಲಿ ಕೊರೆದ ದಾರಿಗೆ ಅಂಥ ಮಿತಿಯೇನೂ ಇಲ್ಲ. ನೆತ್ತಿಯ ಮೇಲೆ ತಡೆದ ಜನಸಾಗರ ಅಡಿಯಿಂದ ನುಸುಳಿ ಊರೊಳಗೇ ಬಂದು ನಿಂತಿತು.

ಸಂಕ್ರಾಂತಿಯಿಂದ ನಲವತ್ತೆರಡು ದಿನ

ಸಿಸ್ಸುವಿನ ಆರಾಧ್ಯದೈವ ರಾಜಾ ಘೇಪನ್. ಊರಿನ ದೈವಗಳು ಈ ಕಾಲದಲ್ಲಿ ಗದ್ದಲವನ್ನು ಸಹಿಸುವುದಿಲ್ಲವೆಂಬುದು ಅಲ್ಲಿನ ಹಿರಿಯರ ನಂಬಿಕೆ. ಇದು ಸುರಂಗ ಬಂದ ಮೇಲೆ ಹುಟ್ಟಿದ ನೆಪವಲ್ಲ. ಸುರಂಗದ ಈಚೆಗಿನ ಕುಲ್ಲು ಜಿಲ್ಲೆಯಲ್ಲಿಯೂ ಇದಕ್ಕೆ ಹತ್ತಿರದ ಆಚರಣೆಯೊಂದಿದೆ. ಮನಾಲಿಗೆ ಅಂಟಿಕೊಂಡಂತಿರುವ ಗೋಶಾಲ್ ಮತ್ತು ಸುತ್ತಲಿನ ಎಂಟು ಹಳ್ಳಿಗಳು ಮಕರ ಸಂಕ್ರಾಂತಿಯಿಂದ ನಲವತ್ತೆರಡು ದಿನ ಮೌನ ಪಾಲಿಸುತ್ತವೆ. ಟಿವಿ, ರೇಡಿಯೋ ಬಂದ್. ಮೊಬೈಲಿಗೂ ಸದ್ದಿಲ್ಲ. ಹೊಲದಲ್ಲಿ ಮಣ್ಣು ಕೆದಕುವಂತಿಲ್ಲ. ಗೌತಮ ಋಷಿ, ವ್ಯಾಸ ಋಷಿ, ಕಾಂಚನ ನಾಗ ದೇವತೆ ಆಗ ತಪಸ್ಸಿನಲ್ಲಿರುತ್ತಾರೆಂಬುದು ನಂಬಿಕೆ. ಗೋಶಾಲಿನ ದೇವಾಲಯದಲ್ಲಿ ಮಣ್ಣಿನ ಲೇಪ ಮಾಡಿ ಬಾಗಿಲು ಮುಚ್ಚುತ್ತಾರೆ. ನಲವತ್ತೆರಡು ದಿನ ಕಳೆದು ತೆರೆದಾಗ ಆ ಮಣ್ಣಿನಲ್ಲಿ ಹೂ ಕಂಡರೆ ಶುಭ, ಇದ್ದಿಲು ಕಂಡರೆ ಬೆಂಕಿಯ ಭಯ ಎಂದು ವರ್ಷದ ಫಲ ಓದುತ್ತಾರೆ.

ನಾವು ಸಂಕ್ರಾಂತಿಯಂದು ಎಳ್ಳು-ಬೆಲ್ಲ ಹಂಚಿ ಒಳ್ಳೆಯ ಮಾತಾಡಿ ಎನ್ನುತ್ತೇವೆ. ಅವರು ಅಂದಿನಿಂದ ಮಾತನ್ನೇ ತಗ್ಗಿಸುತ್ತಾರೆ. ಇದು ನಮಗೆ ತೀರ ಅಪರಿಚಿತವಾದ ಭಾವವೂ ಅಲ್ಲ. ನಮ್ಮ ತುಳುನಾಡಿನಲ್ಲಿ ಪೊನ್ನಿ ತಿಂಗಳ ಕೊನೆಗೆ, ಹೆಚ್ಚುಕಡಿಮೆ ಫೆಬ್ರವರಿಯ ಎರಡನೆಯ ವಾರದಲ್ಲಿ, ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವಳೆಂದು ಮೂರು ದಿನ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಮರ ಕಡಿಯುವುದಿಲ್ಲ. ಕೊಡಗಿನ ಊರುಗಳಲ್ಲಿ ದೇವರ ಹಬ್ಬಕ್ಕೆ ಮುನ್ನ ಕಟ್ಟು ಬಿದ್ದರೆ ಇಂತಿಂಥ ಕೆಲಸ ಕೂಡದೆಂಬ ನಿಯಮವಿದೆ. ನಂಬಿಕೆಯ ಕಥೆಗಳು ಬೇರೆ ಬೇರೆ. ಒಳಗಿನ ತಿಳಿವಳಿಕೆ ಒಂದೇ: ನೆಲವೂ ದಣಿಯುತ್ತದೆ, ಅದಕ್ಕೂ ಬಿಡುವು ಬೇಕು. ಮುಂಬಯಿಯಲ್ಲಿ ಮೂರು ತಲೆಮಾರಿನಿಂದ ನೆಲೆಸಿದ ತುಳುವ ಮನೆಯ ಅಜ್ಜಿಗೆ ಗೋಶಾಲಿನ ನಿಯಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಮೊಮ್ಮಕ್ಕಳಿಗೆ ಹೇಳಬೇಕಾಗಿದೆ.

ಹಿಮವೆಂದರೆ ನೀರಿನ ಗಂಟು

ನಂಬಿಕೆಯನ್ನು ಬದಿಗಿಟ್ಟು ನೋಡಿದರೂ ಪ್ರಶ್ನೆ ಉಳಿಯುತ್ತದೆ. ನಮಗೆ ಹಿಮ ಆಟದ ಸಾಮಾನು. ಅಲ್ಲಿಯವರಿಗೆ ಅದು ಬ್ಯಾಂಕಿನಲ್ಲಿಟ್ಟ ಠೇವಣಿ. ಮಳೆಯ ನೆರಳಿನಲ್ಲಿರುವ ಲಾಹೌಲ್-ಸ್ಪಿತಿಗೆ ಮುಂಗಾರು ಅಷ್ಟಾಗಿ ತಲುಪುವುದಿಲ್ಲ. ಭೂಮಧ್ಯ ಸಮುದ್ರದ ಕಡೆಯಿಂದ ಹೊರಟು ಬರುವ ಪಶ್ಚಿಮದ ವಾಯುಕ್ಷೋಭೆಗಳು ಚಳಿಗಾಲದಲ್ಲಿ ಸುರಿಸುವ ಹಿಮವೇ ಬೇಸಿಗೆಯಲ್ಲಿ ಕರಗಿ, ಕೂಲ್ ಎಂದು ಕರೆಯುವ ಸಣ್ಣ ಕಾಲುವೆಗಳಲ್ಲಿ ಹರಿದು ಬಟಾಣಿ, ಆಲೂಗೆಡ್ಡೆ, ಬಾರ್ಲಿಯ ಹೊಲಗಳನ್ನು ಸೇರುತ್ತದೆ. ಕುಲ್ಲು ಕಣಿವೆಯ ಹಳೆಯ ತಳಿಯ ಸೇಬಿನ ಗಿಡಕ್ಕೆ ಏಳು ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಸಾವಿರ ಗಂಟೆಗಳಷ್ಟು ಚಳಿ ಸಿಗದಿದ್ದರೆ ಹೂವು ಸರಿಯಾಗಿ ಕಟ್ಟುವುದಿಲ್ಲ. ಹಾಗಾಗಿ ಹಿಮ ಬೀಳದ ವರ್ಷ ಪ್ರವಾಸಿಗೆ ಬೇಸರ, ರೈತನಿಗೆ ನಷ್ಟ.

ಅಂಥ ವರ್ಷಗಳು ಹೆಚ್ಚುತ್ತಿವೆ. 2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗಿನ ಇಳಿಜಾರುಗಳು ಹಿಮವಿಲ್ಲದೆ ಕಂದು ಬಣ್ಣಕ್ಕೆ ತಿರುಗಿ ನಿಂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನು ಹಿಮದ ಕೊರತೆಯಿಂದ ಮಾರ್ಚಿಗೆ ಮುಂದೂಡಬೇಕಾಯಿತು. ಹಿಂದೂಕುಷ್-ಹಿಮಾಲಯ ಪ್ರದೇಶದ ಅಧ್ಯಯನ ನಡೆಸುವ, ಕಾಠ್ಮಂಡುವಿನಲ್ಲಿ ಕೇಂದ್ರವಿರುವ ಇಸಿಮೋಡ್ ಸಂಸ್ಥೆ 2025ರಲ್ಲಿ ನೀಡಿದ ವರದಿಯಂತೆ, ಆ ಚಳಿಗಾಲದಲ್ಲಿ ನೆಲದ ಮೇಲೆ ಹಿಮ ಉಳಿದ ಪ್ರಮಾಣ ವಾಡಿಕೆಗಿಂತ ಶೇಕಡಾ 23.6ರಷ್ಟು ಕಡಿಮೆ, 23 ವರ್ಷಗಳಲ್ಲಿಯೇ ಅತ್ಯಂತ ಕೆಳಮಟ್ಟ. ಹಿಮ ಕಡಿಮೆಯಾದಂತೆಲ್ಲ ಉಳಿದಿರುವ ಹಿಮದ ಕಡೆಗೆ ನಮ್ಮ ನೂಕುನುಗ್ಗಲು ಹೆಚ್ಚುತ್ತದೆ. ಬತ್ತುತ್ತಿರುವ ಕೆರೆಯಲ್ಲಿ ಉಳಿದ ಒಂದು ಗುಂಡಿಗೆ ಊರಿನ ದನವೆಲ್ಲ ಇಳಿದರೆ ಏನಾದೀತೋ ಅದೇ ಇಲ್ಲಿಯೂ ಆಗುತ್ತದೆ.

ಬಾಗಿಲು ಮುಚ್ಚಿದರೆ ಹೊಟ್ಟೆಪಾಡು?

ಎದುರು ವಾದವನ್ನೂ ನ್ಯಾಯವಾಗಿ ಕೇಳಬೇಕು. ಪ್ರವಾಸೋದ್ಯಮವೇ ಬೇಡವೆಂದು ಲಾಹೌಲಿಗರು ಎಂದೂ ಹೇಳಿಲ್ಲ. 2021ರಲ್ಲಿ ಅಲ್ಲಿ ತಿಂಗಳುಗಟ್ಟಲೆ ಹಿಮೋತ್ಸವ ನಡೆಯಿತು. ಕಣಿವೆಯ ಹಬ್ಬಗಳನ್ನೇ ಒಂದು ಸೂತ್ರದಲ್ಲಿ ಪೋಣಿಸಿ ಹೊರಗಿನವರಿಗೆ ಪರಿಚಯಿಸುವ ಯತ್ನ ಅದು. ಬ್ಯಾಂಕಿನ ಸಾಲ ಮಾಡಿ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದ ಯುವಕನಿದ್ದಾನೆ. ರಸ್ತೆಬದಿಯಲ್ಲಿ ಚಹಾ, ಮ್ಯಾಗಿ ಮಾರಿ ಮಗಳ ಶುಲ್ಕ ಕಟ್ಟುವ ತಾಯಿ ಇದ್ದಾಳೆ. ಹಿಮದ ಬೂಟು, ಕೋಟು ಬಾಡಿಗೆಗೆ ಕೊಡುವವರಿದ್ದಾರೆ. ಐದಾರು ವಾರ ವ್ಯಾಪಾರ ನಿಂತರೆ ಅವರ ಕಂತು ನಿಲ್ಲುವುದಿಲ್ಲ. ಈ ಮಾತನ್ನು ತಳ್ಳಿಹಾಕಿ ಸಂಸ್ಕೃತಿಯ ಹೆಸರಿನಲ್ಲಿ ಉಪದೇಶ ಮಾಡುವುದು ಸುಲಭ; ನ್ಯಾಯವಲ್ಲ.

ಆದರೂ ಬೆಳಗ್ಗೆ ಮನಾಲಿಯಿಂದ ಹೊರಟು, ಸಿಸ್ಸುವಿನಲ್ಲಿ ಎರಡು ಗಂಟೆ ಹಿಮದಲ್ಲಿ ಹೊರಳಾಡಿ, ಸಂಜೆಗೆ ಮನಾಲಿಯ ಹೋಟೆಲಿಗೆ ಮರಳುವ ಪ್ರವಾಸಿ ಯಾರಿಗೆ ಹಣ ಕೊಡುತ್ತಾನೆ? ಕೋಣೆಯ ಬಾಡಿಗೆ, ಊಟ, ಟ್ಯಾಕ್ಸಿ, ಖರೀದಿಯ ಬಹುಪಾಲು ಮನಾಲಿಗೆ ಸಲ್ಲುತ್ತದೆ. ಲಾಹೌಲಿಗೆ ಉಳಿಯುವುದು ಚಹಾದ ಕಾಸು ಮತ್ತು ಕಸ. ಒಂದು ಮನೆಯಲ್ಲಿ ಮೂರು ರಾತ್ರಿ ತಂಗಿ, ಅವರ ಅಡುಗೆ ಉಂಡು, ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಂಡು ಬರುವ ಕುಟುಂಬ ಬಿಟ್ಟುಬರುವುದು ಇದರ ಎಷ್ಟೋ ಪಾಲು. ಹಾಗಾಗಿ ತಲೆಗಳ ಸಂಖ್ಯೆ ಹೆಚ್ಚಿದರೆ ಊರಿನ ಆದಾಯವೂ ಹೆಚ್ಚುತ್ತದೆಂಬ ಲೆಕ್ಕ ಹಗಲುಪ್ರವಾಸದ ಮಟ್ಟಿಗೆ ನಿಲ್ಲುವುದಿಲ್ಲ.

ಇನ್ನು ಹಕ್ಕಿನ ಪ್ರಶ್ನೆ. ರಸ್ತೆ ಸರ್ಕಾರದ್ದು, ಯಾರು ಬೇಕಾದರೂ ಹೋಗಬಹುದಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಹೆದ್ದಾರಿಯಲ್ಲಿ ಸಂಚರಿಸುವುದನ್ನು ಯಾವ ಗ್ರಾಮವೂ ತಡೆಯಲಾಗದು, ಈ ಗ್ರಾಮಗಳು ತಡೆಯುವುದೂ ಇಲ್ಲ. ಆದರೆ ಹೆದ್ದಾರಿ ಬಿಟ್ಟು ಊರಿನ ಬಯಲಿನಲ್ಲಿ ಧ್ವನಿವರ್ಧಕ ಹಾಕಿ ಕುಣಿಯುವುದು ಸಂಚಾರವಲ್ಲ. ಲಾಹೌಲ್-ಸ್ಪಿತಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ. ಅಂಥ ಪ್ರದೇಶಗಳಿಗಾಗಿ ಸಂಸತ್ತು 1996ರಲ್ಲಿ ಮಾಡಿದ ಪಂಚಾಯತಿ ವಿಸ್ತರಣೆಯ ಕಾಯಿದೆ, ಜನರ ಸಂಪ್ರದಾಯ, ಸಾಂಸ್ಕೃತಿಕ ಅನನ್ಯತೆ ಮತ್ತು ಸಮುದಾಯದ ಸಂಪನ್ಮೂಲಗಳನ್ನು ಕಾಪಾಡಿಕೊಳ್ಳುವ ಸಾಮರ್ಥ್ಯ ಗ್ರಾಮಸಭೆಗೆ ಇದೆಯೆಂದು ಸ್ಪಷ್ಟವಾಗಿ ಒಪ್ಪಿದೆ. ಹಿಮಾಚಲದಲ್ಲಿ ಇದಕ್ಕೆ 2011ರಲ್ಲಿ ನಿಯಮಾವಳಿಯೂ ರೂಪುಗೊಂಡಿತು. ಗ್ರಾಮಸ್ಥರ ನಿರ್ಧಾರದ ಬೆನ್ನಿಗೆ ನಂಬಿಕೆಯ ಜೊತೆಗೆ ಕಾನೂನಿನ ಆಸರೆಯೂ ಇದೆ ಎಂಬುದನ್ನು ನಗರವಾಸಿಗಳಾದ ನಾವು ಅರಿಯಬೇಕು.

ಕಿಬ್ಬರ್ ಕಲಿಸುವ ಪಾಠ

ಊರು ತಾನೇ ಮಿತಿ ಹಾಕಿಕೊಂಡರೆ ನಷ್ಟವೇ ಆಗಬೇಕೆಂದೇನೂ ಇಲ್ಲ. ಅದೇ ಜಿಲ್ಲೆಯ ಸ್ಪಿತಿ ಭಾಗದ ಕಿಬ್ಬರ್ ಇದಕ್ಕೆ ಸಾಕ್ಷಿ. ಸುಮಾರು 4,200 ಮೀಟರ್ ಎತ್ತರದ ಈ ಹಳ್ಳಿಯಲ್ಲಿ ಹಿಮಚಿರತೆ ಕುರಿ, ಕುದುರೆ, ಯಾಕ್ ಕರುಗಳನ್ನು ಹೊತ್ತೊಯ್ಯುವುದು, ಜನ ಸಿಟ್ಟಾಗುವುದು ಹಿಂದಿನಿಂದ ಬಂದ ಕಥೆ. 1990ರ ದಶಕದ ಕೊನೆಯಲ್ಲಿ ಊರಿನವರು ತಮ್ಮ ಹುಲ್ಲುಗಾವಲಿನ ಒಂದು ಭಾಗವನ್ನು ದನ ಮೇಯಿಸದೆ ಬಿಟ್ಟುಕೊಡಲು ಒಪ್ಪಿದರು. ಅಲ್ಲಿ ಭರಲ್ ಎಂಬ ಕಾಡುಕುರಿಗಳು ಹೆಚ್ಚಿ, ಚಿರತೆಗೆ ಸಹಜ ಆಹಾರ ದೊರೆಯಲೆಂಬುದು ಉದ್ದೇಶ. 2002ರಲ್ಲಿ ಊರಿನವರೇ ವಂತಿಗೆ ಕಟ್ಟಿ ನಡೆಸುವ ಜಾನುವಾರು ವಿಮೆಯೂ ಬಂತು. ಈ ಕೆಲಸದಲ್ಲಿ ಊರಿನೊಂದಿಗೆ ನಿಂತದ್ದು ನಮ್ಮ ಮೈಸೂರಿನಲ್ಲಿ ಕೇಂದ್ರವಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಅದರ ವಿಜ್ಞಾನಿ ಚಾರುದತ್ತ ಮಿಶ್ರಾ ಅವರಿಗೆ 2005ರಲ್ಲಿ ವಿಟ್ಲಿ ಪ್ರಶಸ್ತಿ, 2022ರಲ್ಲಿ ವಿಟ್ಲಿ ಚಿನ್ನದ ಪ್ರಶಸ್ತಿ ದೊರೆತವು.

ಇಂದು ಕಿಬ್ಬರಿನ ಚಳಿಗಾಲಕ್ಕೆ ಬೇರೆಯೇ ಬೆಲೆ ಬಂದಿದೆ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಹಿಮಚಿರತೆಯನ್ನು ಕಾಣಲೆಂದು ಛಾಯಾಗ್ರಾಹಕರು, ಪ್ರಕೃತಿಪ್ರಿಯರು ಬಂದು ಊರಿನ ಮನೆಗಳಲ್ಲಿ ದಿನಗಟ್ಟಲೆ ತಂಗುತ್ತಾರೆ. ಚಿರತೆಯ ಜಾಡು ಹಿಡಿದು ತೋರಿಸುವವರು ಊರಿನ ಯುವಕರೇ. 2024ರ ಜನವರಿಯಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನಂತೆ ದೇಶದಲ್ಲಿ 718 ಹಿಮಚಿರತೆಗಳಿವೆ. ಅವುಗಳಲ್ಲಿ ಹಿಮಾಚಲದ ಪಾಲು 51. ಅದೇ ರಾಜ್ಯದಲ್ಲಿ 2025ರಲ್ಲಿ ಹೊರಬಂದ ಎರಡನೆಯ ಸಮೀಕ್ಷೆ ಈ ಸಂಖ್ಯೆಯನ್ನು 83 ಎಂದಿತು. 2025ರ ಸೆಪ್ಟೆಂಬರಿನಲ್ಲಿ ಈ ಶೀತಮರುಭೂಮಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶಗಳ ಜಾಗತಿಕ ಜಾಲಕ್ಕೂ ಸೇರಿತು. ಒಂದು ಹುಲ್ಲುಗಾವಲಿಗೆ ಊರು ಹಾಕಿದ ಬೇಲಿಯಿಲ್ಲದ ಬೇಲಿ ಇಷ್ಟು ದೂರ ಫಲ ಕೊಟ್ಟಿತು. ಸಿಸ್ಸುವಿನವರು ಐದಾರು ವಾರಗಳಿಗೆ ಹಾಕುವ ಬೇಲಿಯನ್ನೂ ನಾವು ಇದೇ ದೃಷ್ಟಿಯಿಂದ ನೋಡಬೇಕು.

ಕುಟುಂಬ ಸಮೇತ ಹೋಗುವವರಿಗೆ

ಹಾಗಾದರೆ ಮಕ್ಕಳಿಗೆ ಹಿಮ ತೋರಿಸುವುದೇ ಬೇಡವೇ? ಖಂಡಿತ ತೋರಿಸೋಣ. ತೋರಿಸಲು ಹಿಮಕ್ಕಿಂತ ಹೆಚ್ಚಿನದೂ ಅಲ್ಲಿದೆ.

ಮೊದಲನೆಯದು ಶಿಮ್ಲಾ. ಅಲ್ಲಿನ ಹಿಮಜಾರಾಟದ ಅಂಗಳ 1920ರಿಂದ ಬಳಕೆಯಲ್ಲಿದೆ. ರಾತ್ರಿ ನೀರು ಹಾಯಿಸಿ, ಸಹಜ ಚಳಿಗೆ ಹೆಪ್ಪುಗಟ್ಟಲು ಬಿಟ್ಟು ಬೆಳಗ್ಗೆ ಆಡುವುದು ಅಲ್ಲಿ ನೂರು ವರ್ಷದಿಂದ ನಡೆದುಬಂದ ರೂಢಿ. ಮೋಡ ಕವಿದ ರಾತ್ರಿಯಾದರೆ ನೀರು ಗಟ್ಟಿಯಾಗುವುದಿಲ್ಲ, ಆಟ ಇಲ್ಲ. ಚಳಿಗೂ ಆಟಕ್ಕೂ ಇರುವ ಸಂಬಂಧ ಮಕ್ಕಳಿಗೆ ಪಾಠವಿಲ್ಲದೆಯೇ ತಿಳಿಯುತ್ತದೆ. ಹದಿಹರೆಯದ ಮಕ್ಕಳಿದ್ದರೆ ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಸೋಲಂಗಿನಲ್ಲಿ ನಡೆಸುವ ಸ್ಕೀ ತರಬೇತಿಯನ್ನು ವಿಚಾರಿಸಬಹುದು. ರಸ್ತೆಬದಿಯಲ್ಲಿ ಹತ್ತು ನಿಮಿಷ ಸ್ಕೀ ಕಟ್ಟಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದಕ್ಕೂ ಕಲಿಯುವುದಕ್ಕೂ ಅಜಗಜಾಂತರ.

ಸ್ಪಿತಿಯ ಕಾಜಾದಲ್ಲಿ ಸುಮಾರು 3,700 ಮೀಟರ್ ಎತ್ತರದಲ್ಲಿ ಸಹಜವಾಗಿ ಹೆಪ್ಪುಗಟ್ಟುವ ಐಸ್ ಹಾಕಿ ಅಂಗಳವಿದೆ. 2022ರ ಜನವರಿಯಲ್ಲಿ ಅಲ್ಲಿಯೇ ಮಹಿಳೆಯರ ರಾಷ್ಟ್ರೀಯ ಐಸ್ ಹಾಕಿ ಪಂದ್ಯಾವಳಿ ನಡೆಯಿತು. 2025ರಲ್ಲಿ ಏಷ್ಯಾ ಕಪ್ಪಿನಲ್ಲಿ ಭಾರತದ ಮಹಿಳೆಯರು ಕಂಚು ಗೆದ್ದಾಗ ತಂಡದ ಹೆಚ್ಚಿನವರು ಲಡಾಖಿನವರು. ಸ್ಪಿತಿಯ ಹುಡುಗಿಯರೂ ಇದ್ದರು. ನಮ್ಮ ಹೆಣ್ಣುಮಕ್ಕಳಿಗೆ ತೋರಿಸಬೇಕಾದ ಅಂಗಳ ಅದು. ಚಳಿಗಾಲದಲ್ಲಿ ಕುಂಜುಮ್ ಕಣಿವೆದಾರಿ ಮುಚ್ಚಿರುವುದರಿಂದ ಸ್ಪಿತಿಗೆ ಶಿಮ್ಲಾ-ಕಿನ್ನೌರ್ ಮಾರ್ಗವೇ ಗತಿ. ಹೋಗುವುದಾದರೆ ಹಾದಿಯಲ್ಲಿ ಎರಡು ಮೂರು ಕಡೆ ತಂಗಿ, ಎತ್ತರಕ್ಕೆ ಮೈ ಹೊಂದಿಸಿಕೊಳ್ಳುತ್ತ ಹೋಗಬೇಕು. ಹೃದ್ರೋಗವಿರುವ ಹಿರಿಯರನ್ನೂ ಎಳೆಯ ಕೂಸುಗಳನ್ನೂ ವೈದ್ಯರ ಸಲಹೆಯಿಲ್ಲದೆ ಕರೆದೊಯ್ಯಬಾರದು.

ಲಾಹೌಲಿಗೆ ಹೋಗುವ ಮನಸ್ಸಿದ್ದರೆ ಹೊರಡುವ ಮುನ್ನ ತಂಗುವ ಮನೆಯವರಿಗೆ ದೂರವಾಣಿ ಮಾಡಿ ಎರಡು ಪ್ರಶ್ನೆ ಕೇಳೋಣ: ರಸ್ತೆ ಹೇಗಿದೆ? ಊರಿನಲ್ಲಿ ಈಗ ಬರಬಹುದಾದ ಕಾಲವೇ? ಬೇಡವೆಂದರೆ ಮಾರ್ಚಿನಲ್ಲಿ ಹೋಗೋಣ. ಹಿಮ ಆಗಲೂ ಇರುತ್ತದೆ, ಹಗಲು ದೀರ್ಘವಾಗಿರುತ್ತದೆ. ರಕ್ಷಣಾ ಇಲಾಖೆಯ ಸಂಸ್ಥೆ ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ. ಅದನ್ನು ಜಿಲ್ಲಾಡಳಿತ ಸಾರಿದಾಗ ಹಠ ಹಿಡಿಯದೆ ಇದ್ದಲ್ಲಿಯೇ ನಿಲ್ಲೋಣ. ಬಯಲುಸೀಮೆಯಲ್ಲಿ ಎಷ್ಟೇ ವರ್ಷ ಕಾರು ಓಡಿಸಿದ್ದರೂ ಕಣ್ಣಿಗೆ ಕಾಣದ ಮಂಜುಗಡ್ಡೆಯ ರಸ್ತೆಯಲ್ಲಿ ಆ ಅನುಭವ ಕೆಲಸಕ್ಕೆ ಬಾರದು. ಗಾಲಿಗೆ ಸರಪಣಿ ಕಟ್ಟಿ ಓಡಿಸಿ ಗೊತ್ತಿರುವ ಸ್ಥಳೀಯ ಚಾಲಕನ ಕೈಗೆ ಬಿಡುವುದು ಲೇಸು. ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಇಟ್ಟುಕೊಂಡು ಮಲಗಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಪ್ರತಿ ಚಳಿಗಾಲದಲ್ಲಿಯೂ ಉತ್ತರ ಭಾರತದಲ್ಲಿ ಇಡೀ ಕುಟುಂಬಗಳು ನಿದ್ದೆಯಲ್ಲಿಯೇ ಪ್ರಾಣ ಕಳೆದುಕೊಂಡ ಸುದ್ದಿ ಬರುತ್ತದೆ. ಹೊಗೆಕೊಳವೆಯಿರುವ ತಗಡಿನ ಒಲೆಯ ಸುತ್ತ ಮನೆಯವರೊಂದಿಗೆ ಕುಳಿತು ಬೆಚ್ಚಗಾಗುವುದು ಲಾಹೌಲಿನ ಪದ್ಧತಿ. ಹರಟೆಗೂ ಅದೇ ಜಾಗ. ಕಸ ನಮ್ಮದು; ಅದು ನಮ್ಮ ಚೀಲದಲ್ಲಿಯೇ ಕೆಳಗಿಳಿಯಲಿ.

ಆಗಬೇಕಾದದ್ದು

ಈ ಪ್ರಶ್ನೆ ಸಿಸ್ಸುವಿಗೆ ಮುಗಿಯುವುದಿಲ್ಲ. ಲಾಹೌಲನ್ನು ಲಡಾಖಿನ ಝನ್ಸ್ಕಾರಿಗೆ ಜೋಡಿಸುವ 4.1 ಕಿಲೋಮೀಟರಿನ ಶಿಂಕು-ಲಾ ಸುರಂಗದ ಮೊದಲ ಸ್ಫೋಟ 2024ರ ಜುಲೈ 26ರಂದು ನಡೆಯಿತು. ಅದು ಮುಗಿದಾಗ ಇನ್ನೂ ಒಂದು ಮುಚ್ಚಿದ ಚಳಿಗಾಲ ತೆರೆಯುತ್ತದೆ. ಸೈನ್ಯಕ್ಕೂ ಜನರಿಗೂ ಅದು ಬೇಕು. ಆದರೆ ದಿನಕ್ಕೆ ಎಷ್ಟು ಪ್ರವಾಸಿ ವಾಹನ, ಯಾವ ತಿಂಗಳು, ಕಸ ಎಲ್ಲಿಗೆ, ಶೌಚಾಲಯ ಎಷ್ಟು ಎಂಬ ನಿರ್ಧಾರಗಳು ಗುದ್ದಲಿಪೂಜೆಯ ಜೊತೆಗೇ ಆಗಬೇಕು, ನೂಕುನುಗ್ಗಲಾದ ಮೇಲಲ್ಲ. ಅಟಲ್ ಸುರಂಗಕ್ಕೂ ರಜೆಯ ದಿನಗಳಲ್ಲಿ ಮುಂಗಡ ನೋಂದಣಿ ತರುವುದು ಅಸಾಧ್ಯವೇನಲ್ಲ. ನಮ್ಮ ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ 2025ರಲ್ಲಿ ಮುಂಗಡ ನೋಂದಣಿಯೂ ದಿನದ ಮಿತಿಯೂ ಬಂದವು. ಆಗ ಗೊಣಗಿದವರೂ ಇದ್ದರು. ಆದರೆ ಸಾಲುಸಾಲು ವಾಹನಗಳ ನಡುವೆ ಗಿರಿಯನ್ನು ಕಂಡವರಾರೂ ಆ ಮಿತಿ ಅನಗತ್ಯವೆಂದು ಹೇಳಲಾರರು. ಜೊತೆಗೆ ಹಬ್ಬದ ಕಾಲದಲ್ಲಿ ಬಾಗಿಲು ಮುಚ್ಚುವ ಹಳ್ಳಿಗಳ ಹೋಂಸ್ಟೇ ಮಾಲೀಕರಿಗೆ ಸಾಲದ ಕಂತಿನಲ್ಲಿ ಆ ವಾರಗಳ ಮಟ್ಟಿಗೆ ವಿನಾಯಿತಿ ನೀಡುವುದನ್ನು ಸರ್ಕಾರ ಯೋಚಿಸಬೇಕು. ಊರಿನ ಸಂಯಮದ ಬೆಲೆಯನ್ನು ಸಾಲಗಾರ ಯುವಕನೊಬ್ಬನೇ ತೆರಬಾರದು.

ಪರಊರಿನಲ್ಲಿ ಬೇರು ಬಿಟ್ಟ ಸಮಾಜ ನಮ್ಮದು. ದೂರದ ನಗರಗಳಲ್ಲಿದ್ದುಕೊಂಡು ಭಾಷೆ, ಹಬ್ಬ, ಹಾಡುಗಳನ್ನು ಉಳಿಸಿಕೊಳ್ಳುವ ಕಷ್ಟ ಎಂಥದೆಂದು ನಮಗೆ ಗೊತ್ತು. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಒಂದು ಸಭಾಂಗಣ ಗೊತ್ತುಮಾಡಲು, ಅಕ್ಕಪಕ್ಕದವರ ಗದ್ದಲದ ನಡುವೆ ಮಕ್ಕಳಿಂದ ಒಂದು ನಾಟಕ ಆಡಿಸಲು ನಾವು ಪಡುವ ಪಾಡನ್ನು ನೆನೆದರೆ, ಮೂವತ್ತೊಂದು ಸಾವಿರ ಜನರ ಒಂದು ಜಿಲ್ಲೆ ತನ್ನ ಹಾಲ್ಡಾ, ಫಾಗ್ಲಿಗಳಿಗಾಗಿ ಆರು ವಾರಗಳ ಮೌನ ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಈ ಚಳಿಗಾಲದಲ್ಲಿ ಹಿಮ ನೋಡಲು ಹೊರಡುವ ನಮ್ಮ ಓದುಗರು ಪಂಚಾಂಗ ನೋಡಿ ಹೊರಡುವಂತೆ, ಆ ಊರಿನ ಪಂಚಾಂಗವನ್ನೂ ಒಮ್ಮೆ ಕೇಳಿಕೊಂಡು ಹೊರಡಲಿ ಎಂಬುದು ನಮ್ಮ ಕೋರಿಕೆ.